ಸೆಕೆಂಡ್ ಅವೆನ್ಯೂವಿನ ಶಾಲರ್ ಅಂಡ್ ವೆಬರ್: ಒಂದು ಜರ್ಮನ್ ಸಾಸೇಜ್ ಅಂಗಡಿ

ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ, ಸೆಕೆಂಡ್ ಅವೆನ್ಯೂವಿನ 85 ಮತ್ತು 86ನೇ ಬೀದಿಗಳ ನಡುವೆ, ಶಾಲರ್ ಅಂಡ್ ವೆಬರ್ ಎಂಬ ಜರ್ಮನ್ ಮಾಂಸದಂಗಡಿಯಿದೆ. ಹಳೆಯ ಜರ್ಮನ್ ಮುದ್ರಣದ ಮೊನಚು ಅಕ್ಷರಗಳಲ್ಲಿ ಹೆಸರು ಬರೆದ ಫಲಕದ ಕೆಳಗೆ ಬಾಗಿಲು ದೂಡಿ ಒಳಗೆ ಕಾಲಿಟ್ಟೊಡನೆ ಹೊಗೆಯಲ್ಲಿ ಹದಗೊಂಡ ಮಾಂಸದ ವಾಸನೆ ಎದುರುಗೊಳ್ಳುತ್ತದೆ. ಕೊಡಗಿನಲ್ಲಿ ಹುಟ್ಟಿ ಬೆಳೆದ ನನಗೆ ಆ ವಾಸನೆ ಹೊಸದಲ್ಲ. ಮಳೆಗಾಲಕ್ಕೆಂದು ಉಪ್ಪು, ಅರಿಸಿನ ಸವರಿ ಒಲೆಯ ಮೇಲೆ ತೂಗುಹಾಕುತ್ತಿದ್ದ ಹಂದಿಮಾಂಸದ ಪಟ್ಟಿಗಳಿಂದ ನಮ್ಮ ಅಡುಗೆಮನೆಯ ತುಂಬ ಹರಡುತ್ತಿದ್ದ ವಾಸನೆಗೆ ಅದು ಬಹಳ ಹತ್ತಿರದ್ದು. ನ್ಯೂಜೆರ್ಸಿಯ ಮನೆಯಿಂದ ರೈಲು ಬದಲಿಸಿಕೊಂಡು ನಾನು ಮೊದಮೊದಲು ಈ ಅಂಗಡಿಗೆ ಬರುತ್ತಿದ್ದುದು ಆ ವಾಸನೆಯ ಸೆಳೆತಕ್ಕೇ ಇರಬೇಕು. ಈಗ ಬರುವುದು ಇಲ್ಲಿಯ ಸಾಸೇಜುಗಳ ಮೃದುತ್ವಕ್ಕಾಗಿ, ಅಂದರೆ ಮಸಾಲೆಯನ್ನು ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿದಿರುವ ಕೈಯ ಹದಕ್ಕಾಗಿ. ಮೆಣಸಿನಕಾಯಿಯ ಖಾರದಲ್ಲಿ ಪಳಗಿದ ನಮ್ಮ ನಾಲಗೆಗೆ ಈ ಹದ ಮೊದಲ ತುತ್ತಿನಲ್ಲಿ ಸಿಗದು. ಎರಡು ಮೂರು ಬಾರಿ ತಿಂದು, ಯಾವುದನ್ನು ಹೇಗೆ ಬೇಯಿಸಬೇಕೆಂದು ಕಲಿತ ಮೇಲೆ ಸಿಗುತ್ತದೆ. ಆ ಕಲಿಕೆಯಲ್ಲಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯನ್ನು 1937ರಲ್ಲಿ ಆರಂಭಿಸಿದವರು ಫರ್ಡಿನಾಂಡ್ ಶಾಲರ್ ಮತ್ತು ಟೋನಿ ವೆಬರ್. ಅಂದಿನಿಂದ ಇಂದಿನವರೆಗೂ ಅದು ಅದೇ ಬೀದಿಯಲ್ಲಿದೆ. ವ್ಯವಹಾರ ಶಾಲರ್ ಕುಟುಂಬದ ಮೂರನೆಯ ತಲೆಮಾರಿನ ಕೈಗೆ ಬಂದಿದೆ. ಸುತ್ತಲಿನ ಯಾರ್ಕ್‌ವಿಲ್ ಬಡಾವಣೆ ಆಗ ನಗರದ ಜರ್ಮನ್ನರ ಕೇರಿಯಾಗಿತ್ತು. ಅದಕ್ಕೂ ಮೊದಲು ಜರ್ಮನ್ನರು ನೆಲೆಸಿದ್ದುದು ಮ್ಯಾನ್‌ಹ್ಯಾಟನ್ ದ್ವೀಪದ ಕೆಳಭಾಗದಲ್ಲಿ, ‘ಪುಟ್ಟ ಜರ್ಮನಿ’ ಎಂದೇ ಹೆಸರಾಗಿದ್ದ ಕೇರಿಯಲ್ಲಿ. 1904ರ ಜೂನ್ 15ರಂದು ಅಲ್ಲಿಯ ಸೇಂಟ್ ಮಾರ್ಕ್ಸ್ ಲುಥೆರನ್ ಚರ್ಚಿನ ಕುಟುಂಬಗಳನ್ನು ವಿಹಾರಕ್ಕೆ ಕರೆದೊಯ್ಯುತ್ತಿದ್ದ ಜನರಲ್ ಸ್ಲೋಕಮ್ ಎಂಬ ಹಡಗು ಈಸ್ಟ್ ರಿವರ್‌ನಲ್ಲಿ ಬೆಂಕಿಗೆ ಆಹುತಿಯಾಗಿ, ಸಾವಿರಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು, ಪ್ರಾಣ ಕಳೆದುಕೊಂಡರು. ಮೊದಲೇ ಉತ್ತರದ ಕಡೆಗೆ ಸಾಗುತ್ತಿದ್ದ ಜರ್ಮನ್ ಕುಟುಂಬಗಳ ವಲಸೆಯನ್ನು ಆ ದುಃಖ ಇನ್ನಷ್ಟು ತೀವ್ರಗೊಳಿಸಿತು. ಹಾಗೆ ಬಂದವರ ಬಿಯರ್ ಮನೆಗಳು, ಬೇಕರಿಗಳು, ನೃತ್ಯಶಾಲೆಗಳು, ಮಾಂಸದಂಗಡಿಗಳಿಂದ ತುಂಬಿದ್ದ 86ನೇ ಬೀದಿಯನ್ನು ಜನ ‘ಜರ್ಮನ್ ಬ್ರಾಡ್‌ವೇ’ ಎನ್ನುತ್ತಿದ್ದರು. ಅವುಗಳಲ್ಲಿ ಈಗ ಉಳಿದಿರುವವನ್ನು ಬೆರಳಲ್ಲಿ ಎಣಿಸಬಹುದು. 1902ರಲ್ಲಿ ಆರಂಭವಾಗಿದ್ದ ಗ್ಲೇಸರ್ಸ್ ಬೇಕರಿಯೂ 2018ರಲ್ಲಿ ಮುಚ್ಚಿತು. ಶಾಲರ್ ಅಂಡ್ ವೆಬರ್ ಮತ್ತು ಅದರ ನೆರೆಯ ಹೈಡೆಲ್‌ಬರ್ಗ್ ಹೋಟೆಲು ಉಳಿದುಕೊಂಡಿವೆ.

ಒಳಗೆ ಉದ್ದಕ್ಕೆ ಗಾಜಿನ ಕೌಂಟರ್. ಹಿಂದೆ ತೂಗುಹಾಕಿದ ಹ್ಯಾಮ್‌ಗಳು, ಒಣ ಸಾಸೇಜುಗಳು. ಎದುರಿನ ಕಪಾಟುಗಳಲ್ಲಿ ಜರ್ಮನಿಯಿಂದ ಬಂದ ಸಾಸಿವೆ, ಉಪ್ಪಿನಲ್ಲಿ ಹುಳಿಸಿದ ಕೋಸು, ಸೌತೆಕಾಯಿಯ ಉಪ್ಪಿನಕಾಯಿ, ರೈ ಬ್ರೆಡ್ಡು, ಚಾಕೊಲೆಟ್ಟು. ಡೆಲಿಕಾಟೆಸೆನ್ ಎಂಬ ಜರ್ಮನ್ ಮಾತಿಗೆ ರುಚಿಯಾದ ತಿನಿಸುಗಳು ಎಂದರ್ಥ. ಅಮೆರಿಕದಲ್ಲಿ ಗಲ್ಲಿಗಲ್ಲಿಗೂ ಕಾಣುವ ‘ಡೆಲಿ’ ಅದರದೇ ಮೊಟಕು ರೂಪವಾದರೂ, ಆ ಮಾತಿನ ಮೂಲ ಅರ್ಥಕ್ಕೆ ತಕ್ಕ ಅಂಗಡಿಗಳು ಅಪರೂಪವಾಗಿವೆ. ಇಲ್ಲಿ ಜಾಗ ಕಿರಿದು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹೋದರೆ ನಿಲ್ಲಲೂ ಸ್ಥಳವಿರದು. ಹಬ್ಬಗಳ ವಾರದಲ್ಲಿ ಸಾಲು ಇನ್ನೂ ಉದ್ದವಾಗುವುದು ಸಹಜ.

ಕೌಂಟರಿನ ಮುಂದೆ ಮೊದಲ ಬಾರಿ ನಿಂತವರಿಗೆ ಇಷ್ಟೊಂದು ಬಗೆಯಲ್ಲಿ ಯಾವುದನ್ನು ಕೇಳಬೇಕೆಂದು ತಿಳಿಯದು. ನನಗೆ ದಾರಿ ತೋರಿದ್ದು ಜರ್ಮನ್ ಕಸುಬುದಾರರು ಬಳಸುವ ಒಂದು ವಿಂಗಡಣೆ. ಸಾಸೇಜನ್ನು ಅವರು ಮಾಂಸದ ಜಾತಿಯ ಮೇಲೆ ವಿಂಗಡಿಸುವುದಿಲ್ಲ, ಮಾಡುವ ವಿಧಾನದ ಮೇಲೆ ವಿಂಗಡಿಸುತ್ತಾರೆ. ಹಸಿ ಮಾಂಸವನ್ನು ನುಣ್ಣಗೆ ಅರೆದು, ಕರುಳಿನ ಹೊದಿಕೆಗೆ ಇಲ್ಲವೇ ಅಚ್ಚಿಗೆ ತುಂಬಿ, ಬಿಸಿನೀರಿನಲ್ಲಿ, ಆವಿಯಲ್ಲಿ ಅಥವಾ ಒವನ್ನಿನಲ್ಲಿ ಹದವಾಗಿ ಬೇಯಿಸಿದ್ದು ಬ್ರ್ಯೂವುರ್ಸ್ಟ್. ಫ್ರಾಂಕ್‌ಫರ್ಟರ್, ವೈಸ್‌ವುರ್ಸ್ಟ್, ಲೇಬರ್‌ಕೇಸೆಗಳು ಈ ಗುಂಪಿನವು. ಬೆಂಕಿಯನ್ನೇ ಕಾಣದೆ, ಉಪ್ಪಿನಲ್ಲಿ ಹುದುಗಿ ಹುಳಿತು ಒಣಗಿದ್ದು ರೋವುರ್ಸ್ಟ್; ಸಲಾಮಿ, ಸೆರ್ವೆಲಾಟ್, ಲಾಂಡ್‌ಯೇಗರ್‌ಗಳು ಇದರಲ್ಲಿ ಸೇರುತ್ತವೆ. ಮೊದಲೇ ಬೆಂದ ಮಾಂಸ, ಲಿವರ್, ರಕ್ತ ಮುಂತಾದವುಗಳಿಂದ ಮಾಡಿ ಮತ್ತೆ ಬೇಯಿಸಿದ್ದು ಕೋಖ್‌ವುರ್ಸ್ಟ್. ಈ ಮೂರು ತಿಳಿದರೆ ಮನೆಗೆ ಒಯ್ದ ಮೇಲೆ ಏನು ಮಾಡಬೇಕೆಂಬುದು ಸುಮಾರಾಗಿ ತಿಳಿದಂತೆಯೇ: ಮೊದಲನೆಯದನ್ನು ಬಿಸಿಮಾಡಬೇಕು, ಎರಡನೆಯದನ್ನು ತೆಳ್ಳಗೆ ಹೆಚ್ಚಿ ಹಾಗೆಯೇ ತಿನ್ನಬೇಕು, ಮೂರನೆಯದರಲ್ಲಿ ಬಹುಪಾಲನ್ನು ಬ್ರೆಡ್ಡಿಗೆ ಸವರಬೇಕು.

ಮೂರರಲ್ಲಿ ಅಂಗಡಿಯ ಕಸುಬನ್ನು ಪರೀಕ್ಷಿಸಲು ತಕ್ಕುದು ಬ್ರ್ಯೂವುರ್ಸ್ಟ್ ಎಂದು ನನ್ನ ಅಭಿಪ್ರಾಯ. ಮಾಂಸ, ಕೊಬ್ಬು, ನೀರು ಈ ಮೂರೂ ತಾವಾಗಿ ಒಂದಾಗುವ ವಸ್ತುಗಳಲ್ಲ. ಉಪ್ಪು ಬೆರೆತಾಗ ಮಾಂಸದಿಂದ ಹೊರಬರುವ ಪ್ರೋಟೀನು ಕೊಬ್ಬಿನ ಕಣಗಳನ್ನು ಸುತ್ತಿ ಹಿಡಿದುಕೊಂಡರೆ ಮಾತ್ರ ಮಿಶ್ರಣ ನುಣುಪಾಗಿ ನಿಲ್ಲುತ್ತದೆ. ಅರೆಯುವ ಯಂತ್ರದ ಅಲಗುಗಳ ವೇಗಕ್ಕೆ ಮಾಂಸ ಕಾಯುವುದರಿಂದ, ಅರೆಯುವಾಗಲೇ ನೀರಿನ ಬದಲು ಪುಡಿ ಮಂಜುಗಡ್ಡೆಯನ್ನು ಹಾಕಿ ತಣ್ಣಗಿಡುತ್ತಾರೆ. ದೋಸೆ ಹಿಟ್ಟು ರುಬ್ಬುವಾಗ ಹಿಟ್ಟು ಬಿಸಿಯಾಗಬಾರದೆಂದು ನಮ್ಮ ಮನೆಗಳಲ್ಲಿ ತಣ್ಣೀರು ಹಾಕುವುದನ್ನು ಬಲ್ಲವರಿಗೆ ಈ ಎಚ್ಚರ ಅರ್ಥವಾದೀತು. ಇಲ್ಲಿ ಮಾತ್ರ ಹದ ತಪ್ಪಿದರೆ ಬೇಯುವಾಗ ಕೊಬ್ಬು ಒಡೆದು ಬೇರೆಯಾಗುತ್ತದೆ, ಉಳಿದ ಮಾಂಸ ಮರಳು ಮರಳಾಗುತ್ತದೆ. ಒಂದು ದೊಡ್ಡ ಸೂಪರ್‌ಮಾರ್ಕೆಟ್ಟಿನಿಂದ ಹಿಂದೆ ನಾನು ತಂದಿದ್ದ ಅಗ್ಗದ ಸಾಸೇಜಿನಲ್ಲಿ ಆ ಮರಳುತನವನ್ನು ಕಂಡಿದ್ದೇನೆ. ಅದನ್ನು ಮುಚ್ಚಲೆಂದೋ ಏನೋ ಅದರಲ್ಲಿ ಬೆಳ್ಳುಳ್ಳಿ ಪುಡಿಯೂ ಸಕ್ಕರೆಯೂ ವಿಪರೀತವಾಗಿದ್ದವು. ಶಾಲರ್ ಅಂಡ್ ವೆಬರ್‌ನ ಫ್ರಾಂಕ್‌ಫರ್ಟರನ್ನು ಕಚ್ಚಿದಾಗ ಹೊದಿಕೆ ಟಕ್ಕನೆ ಸೀಳಿ, ಒಳಗಿನ ಮಾಂಸ ಗಟ್ಟಿಯೂ ಆಗದೆ ಮೆತ್ತಗೂ ಆಗದೆ ಒಂದೇ ಸಮನಾಗಿ ಬಾಯಿಗೆ ಬರುತ್ತದೆ. ಮೊದಲು ತಿಳಿಯುವುದು ಹೊಗೆ, ಅನಂತರ ಮಾಂಸ, ಕಟ್ಟಕಡೆಗೆ, ನುಂಗಿದ ಮೇಲೆ, ಜಾಪತ್ರೆ.

ಈ ಸಾಸೇಜಿನ ಹೆಸರಿನದೇ ಒಂದು ಸ್ವಾರಸ್ಯವಿದೆ. ಫ್ರಾಂಕ್‌ಫರ್ಟಿನಲ್ಲಿ ಕಸುಬು ಕಲಿತ ಯೋಹಾನ್ ಗಿಯೋರ್ಗ್ ಲಾನರ್ ಎಂಬಾತ ವಿಯೆನ್ನಾಕ್ಕೆ ಹೋಗಿ, 1805ರ ಸುಮಾರಿಗೆ ಹಂದಿ ಮತ್ತು ದನದ ಮಾಂಸಗಳನ್ನು ಬೆರೆಸಿ ಸಾಸೇಜು ಮಾಡಿ ಮಾರತೊಡಗಿದನು. ವಿಯೆನ್ನಾದವರು ಅದನ್ನು ಫ್ರಾಂಕ್‌ಫರ್ಟರ್ ಎಂದು ಕರೆದರೆ, ಜರ್ಮನಿಯವರು ವೀನರ್, ಅಂದರೆ ವಿಯೆನ್ನಾದ್ದು, ಎಂದು ಕರೆದರು. ಇಂದಿಗೂ ಎರಡೂ ಊರುಗಳು ಈ ತಿಂಡಿಯ ಹೆಸರಿನ ಗೌರವವನ್ನು ಪರಸ್ಪರ ಬಿಟ್ಟುಕೊಟ್ಟುಕೊಂಡೇ ಇವೆ.

ವೈಸ್‌ವುರ್ಸ್ಟ್, ಅಂದರೆ ಬಿಳಿ ಸಾಸೇಜು, ನಾನು ಈ ಅಂಗಡಿಯಲ್ಲಿ ಎಲ್ಲಕ್ಕಿಂತ ಮೆಚ್ಚಿದ ವಸ್ತು. ಎಲ್ಲಕ್ಕಿಂತ ತಡವಾಗಿ ಮೆಚ್ಚಿದ್ದೂ ಅದನ್ನೇ. ಮ್ಯೂನಿಕ್ಕಿನಲ್ಲಿ 1857ರಲ್ಲಿ ಹುಟ್ಟಿತೆಂದು ಪ್ರತೀತಿಯಿರುವ ಇದರಲ್ಲಿ ಎಳಗರುವಿನ ಮಾಂಸ, ಹಂದಿಯ ಬೆನ್ನಿನ ಕೊಬ್ಬು, ಪಾರ್ಸ್ಲೆ ಸೊಪ್ಪು, ನಿಂಬೆ ಸಿಪ್ಪೆಯ ತುರಿ, ಈರುಳ್ಳಿ, ಜಾಪತ್ರೆ ಸೇರುತ್ತವೆ. ಶುಂಠಿ, ಏಲಕ್ಕಿ ಹಾಕುವ ಪದ್ಧತಿಯೂ ಇದೆ. ಮಾಂಸವನ್ನು ಕೆಂಪಗಿಡುವ ನೈಟ್ರೈಟ್ ಬೆರೆತ ಉಪ್ಪನ್ನು ಇದಕ್ಕೆ ಬಳಸದಿರುವುದರಿಂದಲೇ ಬಣ್ಣ ಬೂದು ಬೆರೆತ ಬಿಳುಪು. ಶೀತಪೆಟ್ಟಿಗೆ ಇಲ್ಲದ ಕಾಲದಲ್ಲಿ ಬೆಳಗ್ಗೆ ಮಾಡಿದ್ದನ್ನು ಮಧ್ಯಾಹ್ನದೊಳಗೆ ತಿಂದು ಮುಗಿಸಬೇಕಾಗಿತ್ತು. ಹಾಗಾಗಿ ಹನ್ನೆರಡು ಗಂಟೆಯ ಗಂಟಾನಾದ ಅದರ ಕಿವಿಗೆ ಬೀಳಬಾರದು ಎಂಬ ಮಾತು ಬವೇರಿಯಾದಲ್ಲಿ ಇವತ್ತಿಗೂ ಇದೆ. ಮೊದಲ ಬಾರಿ ಮನೆಗೆ ತಂದಾಗ ನಾನು ಅದನ್ನು ಕುದಿಯುವ ನೀರಿಗೆ ಹಾಕಿ ಒಲೆಯ ಮೇಲೆಯೇ ಬಿಟ್ಟೆ. ಹೊದಿಕೆ ಒಡೆದು, ಕೊಬ್ಬೆಲ್ಲ ನೀರಿಗಿಳಿದು, ತಟ್ಟೆಗೆ ಬಂದದ್ದು ಸಪ್ಪೆಯಾದ ಒಂದು ಮುದ್ದೆ. ತಪ್ಪು ಪೂರ್ತಿಯಾಗಿ ನನ್ನದಾಗಿತ್ತು. ಮುಂದಿನ ಸಲ ಕೌಂಟರಿನಲ್ಲಿ ಕೇಳಿ ತಿಳಿದುಕೊಂಡ ಕ್ರಮ ಹೀಗಿದೆ: ನೀರು ಕುದಿದ ಮೇಲೆ ಒಲೆಯನ್ನು ಆರಿಸಿ, ಒಂದೆರಡು ನಿಮಿಷ ಬಿಟ್ಟು, ಸಾಸೇಜುಗಳನ್ನು ಮೆಲ್ಲನೆ ಇಳಿಬಿಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಹಾಗೆಯೇ ಬಿಡಬೇಕು. ಅವು ಮೊದಲೇ ಬೆಂದಿರುವುದರಿಂದ ಬೇಕಾದದ್ದು ಬಿಸಿ ಮಾತ್ರ. ತಟ್ಟೆಗೆ ಹಾಕಿಕೊಂಡ ಮೇಲೆ ಉದ್ದಕ್ಕೆ ಸೀಳಿ, ಹೊದಿಕೆಯನ್ನು ಸುಲಿದು ತೆಗೆದು, ಸಿಹಿ ಸಾಸಿವೆಯಲ್ಲಿ ಅದ್ದಿ ತಿನ್ನಬೇಕು. ಆ ಸಾಸಿವೆಯೂ ಇಲ್ಲಿಯೇ ಸಿಗುತ್ತದೆ. ಬಂಗಾಳಿಗಳ ಖಾರವಾದ ಸಾಸಿವೆಯನ್ನೋ ಅಮೆರಿಕದ ಹಳದಿ ಸಾಸಿವೆಯನ್ನೋ ಹಾಕಿದರೆ ಸಾಸೇಜಿನ ಸುಳಿವೂ ಉಳಿಯದು. ಸರಿಯಾಗಿ ಮಾಡಿದ ವೈಸ್‌ವುರ್ಸ್ಟ್ ನಮ್ಮ ಕಡೆಯ ಯಾವ ಮಾಂಸದ ಅಡುಗೆಯಂತೆಯೂ ಇರದು. ಮೊಸರಿನಷ್ಟು ಮೃದುವಾಗಿ ಬಾಯಲ್ಲಿ ಕರಗಿ, ನಿಂಬೆಯ ಪರಿಮಳವೊಂದನ್ನು ಬಿಟ್ಟುಹೋಗುತ್ತದೆ.

ನ್ಯೂರ್ನ್‌ಬರ್ಗಿನ ಸಣ್ಣ ಬ್ರಾಟ್‌ವುರ್ಸ್ಟ್ ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ಬೆರಳಿನಷ್ಟೇ ಗಾತ್ರದ ಈ ಸಾಸೇಜುಗಳನ್ನು ಕುರಿಯ ಸಣ್ಣಕರುಳಿಗೆ ತುಂಬುತ್ತಾರೆ. ಯುರೋಪಿನಲ್ಲಿ ಆ ಹೆಸರಿಗೆ 2003ರಿಂದ ಭೌಗೋಳಿಕ ರಕ್ಷಣೆ ಇದೆ. ನ್ಯೂರ್ನ್‌ಬರ್ಗ್ ನಗರದೊಳಗೆ ಮಾಡಿದ, 7ರಿಂದ 9 ಸೆಂಟಿಮೀಟರ್ ಉದ್ದದ, 20ರಿಂದ 25 ಗ್ರಾಂ ತೂಕದ ಸಾಸೇಜಿಗೆ ಮಾತ್ರ ಅಲ್ಲಿ ಆ ಹೆಸರು ಸಲ್ಲುತ್ತದೆ. ಹಾಗಾಗಿ ನ್ಯೂಯಾರ್ಕಿನಲ್ಲಿ ಸಿಗುವುದನ್ನು ಆ ಶೈಲಿಯದು ಎನ್ನುವುದೇ ಸರಿ. ಅದರ ಗುರುತಿನ ಪರಿಮಳ ಮಾರ್ಜೋರಂ ಎಂಬ ಸೊಪ್ಪಿನದು. ಮೊದಲ ಬಾರಿ ಅದನ್ನು ಕಬ್ಬಿಣದ ಕಾವಲಿಯಲ್ಲಿ ಹುರಿಯುತ್ತಿದ್ದಾಗ ಎದ್ದ ಪರಿಮಳ ನನಗೆ ಬಹಳ ಹಿಂದಿನಿಂದ ಪರಿಚಿತವೆನಿಸಿದರೂ ಅಡುಗೆಯೊಂದಿಗೆ ಅದನ್ನು ಜೋಡಿಸಲಾಗದೆ ಒದ್ದಾಡಿದೆ. ಹೆಂಡತಿ ಬಂದು ಮೂಸಿ, ‘ಇದು ಮರುಗ ಅಲ್ಲವೇ?’ ಎಂದಳು. ಮಲ್ಲಿಗೆಯ ಜೊತೆ ದಂಡೆಯಲ್ಲಿ ಸೇರಿಸಿ ಕಟ್ಟುವ, ಮೈಸೂರಿನ ಹೂವಿನ ಮಾರುಕಟ್ಟೆಯಲ್ಲಿ ದವನದ ಪಕ್ಕದಲ್ಲಿ ರಾಶಿ ಹಾಕಿಕೊಂಡು ಮಾರುವ ಮರುಗವೇ ಅದು. ಸಸ್ಯಶಾಸ್ತ್ರದ ಪ್ರಕಾರವೂ ಎರಡೂ ಒಂದೇ ಗಿಡ. ನಾವು ಮುಡಿಗೂ ದೇವರಿಗೂ ಮೀಸಲಿಟ್ಟಿರುವ ಸೊಪ್ಪನ್ನು ನ್ಯೂರ್ನ್‌ಬರ್ಗ್ ಇರುವ ಫ್ರಾಂಕೋನಿಯ ಪ್ರಾಂತದ ಕಸುಬುದಾರರು ಹಂದಿಯ ಕೊಬ್ಬಿನ ಜೊತೆಗೆ ಹೊಂದಿಸಿದ್ದಾರೆ, ಮತ್ತು ಹೊಂದಿಕೆ ಎಷ್ಟು ಸಹಜವಾಗಿದೆಯೆಂದರೆ ಕೊಬ್ಬಿನ ಜಿಡ್ಡನ್ನು ಆ ಪರಿಮಳ ಅರ್ಧಕ್ಕರ್ಧ ಇಳಿಸಿಬಿಡುತ್ತದೆ. ಜಾಪತ್ರೆ, ಏಲಕ್ಕಿ, ಮೆಣಸು, ಶುಂಠಿ, ಸಾಸಿವೆ, ಮರುಗ: ಇಲ್ಲಿಯ ಡಬ್ಬಿಗಳಲ್ಲಿರುವ ಮಸಾಲೆ ನಮ್ಮ ಮನೆಯಲ್ಲಿಯೂ ಇರುವಂಥದ್ದೇ. ಅದರಲ್ಲಿ ಎಷ್ಟೋ ಪಾಲು ಶತಮಾನಗಳ ಹಿಂದೆ ಮಲಬಾರಿನ ಬಂದರುಗಳಿಂದ ಹೊರಟು ಅರಬರ, ವೆನಿಸಿನವರ ಕೈ ದಾಟಿ ನ್ಯೂರ್ನ್‌ಬರ್ಗಿನ ವರ್ತಕರನ್ನು ತಲುಪುತ್ತಿತ್ತು. ಬಂಗಾರದಂತೆ ತೂಗಿ ಕೊಳ್ಳಬೇಕಾಗಿದ್ದ ವಸ್ತುವನ್ನು ಚಿಟಿಕೆಯಲ್ಲಿ ಬಳಸಲು ಕಲಿತ ಕೈಗಳ ಅಭ್ಯಾಸ ಇಂದಿನ ಸಾಸೇಜಿನಲ್ಲಿಯೂ ಉಳಿದಿದೆಯೇನೋ ಎಂದು ನನಗೆ ಅನಿಸುವುದುಂಟು. ಆರು ಸಾಸೇಜು, ಹುಳಿಗೋಸು, ಸ್ವಲ್ಪ ತುರಿದ ಹಾರ್ಸ್‌ರ್ಯಾಡಿಷ್ ಎಂಬ ಘಾಟಿನ ಬೇರು: ಭಾನುವಾರ ಮಧ್ಯಾಹ್ನದ ಊಟಕ್ಕೆ ಇದರ ಮೇಲೆ ಏನೂ ಬೇಡ.

ಲಿವರಿನಿಂದ ಮಾಡಿದ ಲೇಬರ್‌ವುರ್ಸ್ಟ್ ಎಲ್ಲರಿಗೂ ಒಗ್ಗುವುದಿಲ್ಲ. ಲಿವರಿನ ಕಹಿಯನ್ನು ಹುರಿದ ಈರುಳ್ಳಿಯ ಸಿಹಿಯೂ ಹಂದಿಯ ಕೊಬ್ಬೂ ತಗ್ಗಿಸಿರುತ್ತವೆಯಾದರೂ ವಾಸನೆ ಗಟ್ಟಿಯಾದುದೇ. ತಣ್ಣಗಿದ್ದಾಗ ತಿಂದು ತೀರ್ಪು ಕೊಡಬಾರದು. ಅರ್ಧ ಗಂಟೆ ಹೊರಗಿಟ್ಟು, ಬೆಣ್ಣೆಯಂತಾದ ಮೇಲೆ ರೈ ಬ್ರೆಡ್ಡಿಗೆ ದಪ್ಪಗೆ ಸವರಿ, ಮೇಲೆ ಸೌತೆಕಾಯಿಯ ಉಪ್ಪಿನಕಾಯಿಯ ಒಂದು ಹೋಳಿಟ್ಟರೆ ಅದರ ಗುಣ ತಿಳಿಯುತ್ತದೆ. ಲೇಬರ್‌ಕೇಸೆ ಎಂಬುದಕ್ಕೆ ಪದಶಃ ‘ಲಿವರ್ ಚೀಸ್’ ಎಂದರ್ಥವಾದರೂ ಬವೇರಿಯಾದ ಪದ್ಧತಿಯಂತೆ ಮಾಡಿದ್ದರಲ್ಲಿ ಲಿವರೂ ಇರದು, ಚೀಸೂ ಇರದು. ನುಣ್ಣಗೆ ಅರೆದ ಮಾಂಸವನ್ನು ಬ್ರೆಡ್ಡಿನಂತೆ ಅಚ್ಚಿನಲ್ಲಿ ಸುಟ್ಟದ್ದು. ಬೆರಳಿನ ದಪ್ಪಕ್ಕೆ ಕೊಯ್ಸಿಕೊಂಡು ಬಂದು ಬಾಣಲೆಯಲ್ಲಿ ಎರಡೂ ಮಗ್ಗುಲು ಕೆಂಪಗೆ ಮಾಡಿ, ಮೇಲೊಂದು ಮೊಟ್ಟೆ ಒಡೆದು ಹಾಕಿಕೊಟ್ಟರೆ ಮಕ್ಕಳು ತಕರಾರಿಲ್ಲದೆ ತಿನ್ನುತ್ತಾರೆ. ಚಪ್ಪಟೆಯಾಗಿ ಒತ್ತಿ, ಜೋಡಿಜೋಡಿಯಾಗಿ ಒಣಗಿಸಿದ ಲಾಂಡ್‌ಯೇಗರ್ ಪ್ರಯಾಣಕ್ಕೆ ಒಳ್ಳೆಯದು. ಹ್ಯಾಮ್‌ಗಳಲ್ಲಿ ಬ್ಲ್ಯಾಕ್ ಫಾರೆಸ್ಟ್ ಹ್ಯಾಮ್ ತನ್ನ ಹೊಗೆಯಿಂದಾಗಿ ಮುಂದಾಗುತ್ತದೆ, ಲಾಕ್ಸ್‌ಶಿಂಕೆನ್ ಮೃದುತ್ವದಿಂದ. ಯಾವುದನ್ನೇ ಕೊಂಡರೂ ಕಾಗದದಷ್ಟು ತೆಳ್ಳಗೆ ಕೊಯ್ದುಕೊಡಲು ಹೇಳಬೇಕು.

ಕೊಡಗಿನವನಾಗಿ ನಾನು ತಪ್ಪದೆ ಒಯ್ಯುವುದು ಎರಡು ಬಾರಿ ಹೊಗೆಯಲ್ಲಿಟ್ಟ ಬೇಕನ್ ಗಟ್ಟಿಯನ್ನು. ಇದನ್ನು ಕೊಯ್ಸದೆ ಇಡೀ ತುಂಡಾಗಿ, ತೊಗಲಿನ ಸಮೇತ ಕೊಳ್ಳಬೇಕು. ಸಣ್ಣ ಸಣ್ಣ ಹೋಳು ಮಾಡಿ, ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಹುರಿದು, ಕರಿಮೆಣಸಿನ ಪುಡಿ ಉದುರಿಸಿ, ಕಡೆಯಲ್ಲಿ ಅರ್ಧ ಚಮಚ ಕಾಚಂಪುಳಿ ಬಿಟ್ಟು, ಅಕ್ಕಿ ರೊಟ್ಟಿಯ ಜೊತೆ ತಿಂದಾಗ ಅಮ್ಮನ ಅಡುಗೆಮನೆಯ ಹೊಗೆ ಅಟ್ಟವೇ ಕಣ್ಣ ಮುಂದೆ ಬರುತ್ತದೆ. ಇದು ಜರ್ಮನ್ ಪದ್ಧತಿಯಲ್ಲ. ಆದರೆ ತುಂಡು ಹೊಗೆಯನ್ನು ಆಳಕ್ಕೆ ಹೀರಿಕೊಂಡಿರುವುದರಿಂದ ಕಾಚಂಪುಳಿಯಂಥ ಗಟ್ಟಿ ಹುಳಿಯನ್ನೂ ತಾಳಿಕೊಳ್ಳುತ್ತದೆ. ಪೊಟ್ಟಣಗಳಲ್ಲಿ ಬರುವ ತೆಳು ಬೇಕನ್ನಿನಲ್ಲಿ ನಾನು ಇದನ್ನು ಮಾಡಿ ನೋಡಿದಾಗ ಹುಳಿಯೊಂದೇ ಉಳಿದಿತ್ತು. ಊರಿನಲ್ಲಿ ಇದ್ದಿಲೊಲೆ, ಸೌದೆಯೊಲೆಗಳು ಮರೆಯಾಗಿ ಗ್ಯಾಸ್ ಬಂದಮೇಲೆ ಒಲೆಯ ಮೇಲೆ ಮಾಂಸ ತೂಗುಹಾಕುವ ಮನೆಗಳು ಕಡಿಮೆಯಾಗುತ್ತಿವೆ, ಹಾಗಾಗಿ ಈ ಒಂದು ತುಂಡಿನ ಬಗ್ಗೆ ನನ್ನ ಮೆಚ್ಚುಗೆಯಲ್ಲಿ ಮಮತೆಯೂ ಸೇರಿದೆಯೆಂದು ಓದುವವರು ತಿಳಿದಿರಲಿ.

2015ರಲ್ಲಿ ಕುಟುಂಬ ಅಂಗಡಿಯ ಪಕ್ಕದಲ್ಲಿಯೇ ಶಾಲರ್ಸ್ ಶ್ಟೂಬೆ ಎಂಬ ಪುಟ್ಟ ತಿಂಡಿಮನೆಯನ್ನು ತೆರೆಯಿತು. ಬನ್ನಿನೊಳಗೆ ಬಿಸಿ ಸಾಸೇಜು, ಹುಳಿಗೋಸು, ಸಾಸಿವೆ, ಜೊತೆಗೆ ಬಿಯರು. ಕರಿವುರ್ಸ್ಟ್ ಕೂಡ ಸಿಗುತ್ತದೆ. ಹುರಿದ ಸಾಸೇಜಿನ ಹೋಳುಗಳ ಮೇಲೆ ಟೊಮೆಟೊ ಸಾಸ್ ಸುರಿದು ಕರಿಪುಡಿ ಉದುರಿಸುವ ಈ ತಿನಿಸನ್ನು ಹೆರ್ಟಾ ಹಾಯ್ವರ್ ಎಂಬ ಮಹಿಳೆ 1949ರಲ್ಲಿ, ಯುದ್ಧದಿಂದ ಹಾಳಾಗಿದ್ದ ಬರ್ಲಿನ್ನಿನಲ್ಲಿ ಆರಂಭಿಸಿದರೆಂಬುದು ಪ್ರಸಿದ್ಧ. ಅದರಲ್ಲಿರುವ ಕರಿಪುಡಿ ಬ್ರಿಟಿಷರ ಮೂಲಕ ಹೋದದ್ದು, ನಮ್ಮ ಯಾವ ಸಾರಿನ ಪುಡಿಗೂ ಹೋಲದು; ಭಾರತದ ರುಚಿಯನ್ನು ನಿರೀಕ್ಷಿಸಿ ತಿನ್ನುವುದು ಬೇಡ. ಹಸಿವಾದಾಗ ಶ್ಟೂಬೆ ಅನುಕೂಲವೇ ಆದರೂ, ಅಂಗಡಿಯ ಕಸುಬು ತಿಳಿಯಬೇಕೆನ್ನುವವರು ಕೌಂಟರಿನಿಂದ ಕೊಂಡು ಮನೆಯಲ್ಲಿ ಮಾಡಿಕೊಳ್ಳುವುದು ಲೇಸು. ಬನ್ನು, ಸಾಸು, ಕೋಸುಗಳ ನಡುವೆ ನಾನು ಮೇಲೆ ಹೇಳಿದ ಮೃದುವಾದ ಪರಿಮಳಗಳು ಅಷ್ಟಾಗಿ ತಿಳಿಯುವುದಿಲ್ಲ.

ನಮ್ಮವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಹಂದಿಮಾಂಸ ತಿನ್ನದವರಿಗೆ ಇಲ್ಲಿ ಆಯ್ಕೆ ಬಹಳ ಕಡಿಮೆ. ಹಂದಿಮಾಂಸ ತಿಂದರೂ ದನದ ಮಾಂಸ ತಿನ್ನದವರು ಪ್ರತಿಯೊಂದನ್ನೂ ಕೇಳಿಯೇ ಕೊಳ್ಳಬೇಕು, ಏಕೆಂದರೆ ಫ್ರಾಂಕ್‌ಫರ್ಟರಿನಂಥವುಗಳಲ್ಲಿ ಎರಡೂ ಬೆರೆತಿರುವುದು ಸಾಮಾನ್ಯ, ವೈಸ್‌ವುರ್ಸ್ಟಿನಲ್ಲಂತೂ ಕರುವಿನ ಮಾಂಸವೇ ಮುಖ್ಯ. ಕೊಡವ ಮನೆಗಳಲ್ಲಿ ದನದ ಮಾಂಸ ನಿಷಿದ್ಧ. ನಾನು ವೈಸ್‌ವುರ್ಸ್ಟ್ ತಿಂದದ್ದು ನನ್ನ ಸ್ವಂತ ನಿರ್ಧಾರ, ಹೆಂಡತಿ ಅದನ್ನು ಮುಟ್ಟುವುದಿಲ್ಲ, ಅವಳಿಗೆ ಹಂದಿಮಾಂಸದ್ದೇ ಆದ ಸಾಸೇಜನ್ನು ಬೇರೆ ಪಾತ್ರೆಯಲ್ಲಿ ಮಾಡುತ್ತೇವೆ. ಸಸ್ಯಾಹಾರಿಗಳು ಜೊತೆಗೆ ಬಂದರೆ ಬ್ರೆಡ್ಡು, ಹುಳಿಗೋಸು, ಸಾಸಿವೆ, ಚಾಕೊಲೆಟ್ಟುಗಳ ಕಪಾಟಿನ ಮುಂದೆ ಹೊತ್ತು ಕಳೆಯಬಹುದು. ಉಪ್ಪು ಈ ಕಸುಬಿನ ಜೀವಾಳವಾದುದರಿಂದ ರಕ್ತದೊತ್ತಡ ಇರುವವರಿಗೆ ಇದು ದಿನನಿತ್ಯದ ಆಹಾರವಲ್ಲ. ಬೆಲೆ ಸೂಪರ್‌ಮಾರ್ಕೆಟ್ಟಿನದಕ್ಕಿಂತ ಹೆಚ್ಚು. ಈ ಗುಣಕ್ಕೆ ಅದು ಅತಿಯೆಂದು ನನಗೆ ಅನಿಸಿಲ್ಲ.

ಹೋಗುವುದು ಈಗ ಸುಲಭ. ಸೆಕೆಂಡ್ ಅವೆನ್ಯೂ ಸುರಂಗ ರೈಲಿನ ಕಾಮಗಾರಿ 2007ರಿಂದ ಸುಮಾರು ಹತ್ತು ವರ್ಷ ಈ ಬೀದಿಯನ್ನು ಅಗೆದುಹಾಕಿ, ಬೇಲಿಗಳ ಹಿಂದೆ ಅಂಗಡಿಗಳನ್ನು ಮರೆಮಾಡಿ, ಅನೇಕ ಸಣ್ಣ ವ್ಯಾಪಾರಿಗಳನ್ನು ಸೋಲಿಸಿತು. 2017ರ ಜನವರಿ 1ರಂದು ರೈಲು ಓಡತೊಡಗಿದ ಮೇಲೆ 86ನೇ ಬೀದಿಯ ನಿಲ್ದಾಣದಿಂದ ಅಂಗಡಿ ಕೆಲವೇ ಹೆಜ್ಜೆ ದೂರ. ಸೆಪ್ಟೆಂಬರಿನಲ್ಲಿ ಜರ್ಮನ್ ಮೂಲದ ಅಮೆರಿಕನ್ನರ ಸ್ಟಾಯ್ಬೆನ್ ಮೆರವಣಿಗೆ ಫಿಫ್ತ್ ಅವೆನ್ಯೂವಿನಲ್ಲಿ ಸಾಗಿ 86ನೇ ಬೀದಿಯ ಕಡೆಗೆ ಬರುವ ಶನಿವಾರ ಈ ಬೀದಿಯಲ್ಲಿ ಚರ್ಮದ ಚಡ್ಡಿ, ಗರಿಯ ಟೋಪಿ ತೊಟ್ಟವರನ್ನು ಕಾಣಬಹುದು, ಜರ್ಮನ್ ಮಾತು ಕಿವಿಗೆ ಬೀಳುತ್ತದೆ. ಸಾವಧಾನವಾಗಿ ಕೊಳ್ಳಬೇಕೆನ್ನುವವರು ವಾರದ ನಡುವಿನ ಒಂದು ಬೆಳಗ್ಗೆ ಬರಬೇಕು. ಮೊದಲ ಬಾರಿಗೆ ನನ್ನ ಸಲಹೆ: ಒಂದು ಜೋಡಿ ಫ್ರಾಂಕ್‌ಫರ್ಟರ್, ಆರು ನ್ಯೂರ್ನ್‌ಬರ್ಗಿನ ಶೈಲಿಯವು, ಅರ್ಧ ಪೌಂಡು ಎರಡು ಬಾರಿ ಹೊಗೆಯಾಡಿಸಿದ ಬೇಕನ್, ಒಂದು ಶೀಸೆ ಸಾಸಿವೆ. ಬೇಕನ್ನಿನ ತೊಗಲನ್ನು ಎಸೆಯಬಾರದು. ನೈರುತ್ಯ ಜರ್ಮನಿಯ ಶ್ವಾಬಿಯದವರು ಹೊಗೆಯಾಡಿಸಿದ ಹಂದಿಮಾಂಸದ ಜೊತೆ ಮಸೂರ ಕಾಳನ್ನು ಬೇಯಿಸಿ, ಸ್ವಲ್ಪ ವಿನೆಗರ್ ಬೆರೆಸಿ, ಮೇಲೆ ತೆಳು ಸಾಸೇಜುಗಳನ್ನಿಟ್ಟು ಬಡಿಸುತ್ತಾರೆ. ನಾವು ಆ ತೊಗಲನ್ನು ಹುರುಳಿಕಾಳಿನೊಂದಿಗೆ ಬೇಯಲು ಹಾಕುತ್ತೇವೆ, ಕಾಳು ಬೆಂದ ಕಟ್ಟಿನೊಳಗೆ ಇಳಿಯುವ ಹೊಗೆಯ ರುಚಿ ಮರುದಿನಕ್ಕೆ ಇನ್ನೂ ಚೆನ್ನಾಗಿರುತ್ತದೆ.